ಏಳು ಅಕ್ಷರ ಮುಂದಿದೆ, ಪದ ಹೊಳೆಯುತ್ತಿಲ್ಲ ಅಂದ್ರೆ

ಸ್ಕ್ರಾಬಲ್ ಎಂದರೆ ಬ್ಯಾಗಿನಿಂದ ತೆಗೆದ ಅಕ್ಷರದ ಬಿಲ್ಲೆಗಳನ್ನು, ಅಂದರೆ ಟೈಲ್‌ಗಳನ್ನು, ಬೋರ್ಡಿನ ಮನೆಗಳಲ್ಲಿ ಜೋಡಿಸಿ ಪದ ಕಟ್ಟಿ ಅಂಕ ಗಳಿಸುವ ಆಟ. ಅದನ್ನು ಆಡೋಕೆ ಇಂಗ್ಲಿಷ್ ಚೆನ್ನಾಗಿ ಬರಬೇಕು ಎಂದು ತುಂಬಾ ಜನ ಹಿಂಜರಿಯುತ್ತಾರೆ. ಅಷ್ಟೇನೂ ಬೇಕಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರಾಬಲ್‌ನ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ ಗೆದ್ದರು. ಇಂಗ್ಲಿಷ್ ಸ್ಕ್ರಾಬಲ್‌ನ 2003 ಮತ್ತು 2009ರ ವಿಶ್ವ ಚಾಂಪಿಯನ್‌ಗಳು ಥಾಯ್ಲೆಂಡಿನವರು. ಈ ಆಟದಲ್ಲಿ ಪದದ ಅರ್ಥವನ್ನು ಯಾರೂ ಕೇಳುವುದಿಲ್ಲ. ಅಕ್ಷರಗಳ ಸಾಲು ಆಟದ ಪದಪಟ್ಟಿಯಲ್ಲಿದೆಯಾ, ಇಲ್ಲವಾ, ಅಷ್ಟೇ.

ನನ್ನದು ಹಾಸನದಲ್ಲಿ ಸೈಕಲ್ ಬಿಡಿಭಾಗಗಳ ಅಂಗಡಿ. ಓದಿದ್ದು ಕನ್ನಡ ಮೀಡಿಯಂ. ತಂಗಿಯ ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಳೆ, ಅವಳ ಜೊತೆ ಫೋನಿನಲ್ಲಿ ಆಡುತ್ತೇನೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಪಕ್ಕದ ಅಂಗಡಿಯ ಟೈಲರ್ ಸಾಹೇಬರ ಜೊತೆ ಬೋರ್ಡ್ ಹಾಕುತ್ತೇನೆ. ಪದ ಹುಡುಕುವ ದಾರಿಗಳನ್ನು ಹಳೇ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದು ಮಾತು. ಇಂಗ್ಲಿಷ್ ಅಕ್ಷರಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಕ್ಯೂ-ಎ-ಟಿ ಎಂದರೆ ಮೂರು ಬಿಡಿ ಅಕ್ಷರ ಎಂದು ತಿಳಿಯಿರಿ. ಒಂದು ಚೀಟಿ, ಪೆನ್ನು ಪಕ್ಕದಲ್ಲಿರಲಿ. ಓದುತ್ತಾ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ.

ಕಿವಿಯಿಂದ ಹುಡುಕಬೇಡಿ

ಕನ್ನಡದಲ್ಲಿ ಓದು ಕಲಿತವರಿಗೆ ಇಲ್ಲಿ ಒಂದು ತೊಡಕು. ನಾವು ಮಾತಾಡಿದಂತೆ ಬರೆಯುವವರು. ಪದ ಹುಡುಕುವಾಗಲೂ ಮೊದಲು ಕಿವಿಗೆ ಹೋಗುತ್ತೇವೆ. ಬಾಯಲ್ಲಿ ಎಫ್ ಸದ್ದು ಬಂದರೆ ಕೈಯಲ್ಲಿ ಎಫ್ ಇದೆಯಾ ಎಂದು ನೋಡುತ್ತೇವೆ. ಆದರೆ ಫೋಟೋದಲ್ಲಿ ಆ ಸದ್ದು ಪಿ-ಎಚ್‌ನಿಂದ ಬರುತ್ತದೆ, ಲಾಫ್‌ನಲ್ಲಿ ಜಿ-ಎಚ್‌ನಿಂದ. ಮೊಣಕಾಲಿಗೆ ನೀ ಎನ್ನುತ್ತಾರೆ, ಅದು ಶುರುವಾಗುವುದು ಕೆ ಅಕ್ಷರದಿಂದ. ಥಂಬ್‌ನ ಕೊನೆಯ ಬಿ ಬಾಯಿಗೆ ಬರುವುದೇ ಇಲ್ಲ.

ಅದಕ್ಕೆ ಸದ್ದು ಬಿಟ್ಟು ಜೋಡಿ ಹಿಡಿಯಿರಿ. ಎಚ್ ಬಂದರೆ ಅದನ್ನು ಸಿ, ಎಸ್, ಟಿ, ಪಿ, ಡಬ್ಲ್ಯೂ, ಜಿ ಇವು ಆದಮೇಲೆ ಒಂದೊಂದಾಗಿ ಇಟ್ಟು ನೋಡಿ. ಕೆ ಇದ್ದರೆ ಸಿ ಆದಮೇಲೆ ಇಡಿ, ಆಮೇಲೆ ಎನ್‌ಗೆ ಮುಂಚೆ ಇಡಿ. ಡಬ್ಲ್ಯೂ ಇದ್ದರೆ ಆರ್‌ಗೆ ಮುಂಚೆ. ವಿ ಅಕ್ಷರ ಪದದ ಕೊನೆಯಲ್ಲಿ ನಿಲ್ಲುವುದು ತೀರಾ ಅಪರೂಪ, ಅದಾದ ಮೇಲೆ ಇ ಬರುತ್ತದೆ. ಜೆ ಕೂಡ ಕೊನೆಗೆ ನಿಲ್ಲುವುದು ಅಪರೂಪ, ನಿಂತರೆ ಹೆಚ್ಚಾಗಿ ನಮ್ಮ ಕಡೆಯಿಂದ ಹೋದ ಪದಗಳಲ್ಲಿ. ರಾಜ್, ತಾಜ್, ಸ್ವರಾಜ್ ಮೂರೂ ನಡೆಯುತ್ತವೆ.

ಬಾಲ ಮೊದಲು, ತಲೆ ಆಮೇಲೆ

ಏಳು ಟೈಲ್ ಕೈಗೆ ಬಂದ ತಕ್ಷಣ ಇಡೀ ಪದ ಹುಡುಕಲು ಹೋಗಬೇಡಿ. ನಟ್ಟು, ವಾಷರ್, ಸ್ಪೋಕ್ ಎಲ್ಲ ಒಂದೇ ಡಬ್ಬಿಗೆ ಸುರಿದರೆ ಬೇಕಾದ್ದು ಕೈಗೆ ಸಿಗುವುದಿಲ್ಲ, ಬೇರೆ ಮಾಡಿ ಇಟ್ಟರೆ ಕಣ್ಣು ಮುಚ್ಚಿ ತೆಗೆಯಬಹುದು. ಇಲ್ಲೂ ಹಾಗೇ. ಮೊದಲು ಬಾಲ ಬೇರೆ ಮಾಡಿ: ಐ-ಎನ್-ಜಿ, ಇ-ಡಿ, ಇ-ಆರ್, ಇ-ಎಸ್-ಟಿ, ಐ-ಇ-ಆರ್, ಐ-ಓ-ಎನ್, ಎಲ್-ವೈ. ಸಿಕ್ಕಿದ್ದನ್ನು ಟೈಲ್ ನಿಲ್ಲಿಸುವ ಚಿಕ್ಕ ಹಲಗೆ, ಅಂದರೆ ರ‍್ಯಾಕಿನ ಬಲ ತುದಿಗೆ ತಳ್ಳಿ. ಈಗ ನೋಡಬೇಕಾದ್ದು ಉಳಿದ ನಾಲ್ಕೈದು ಅಕ್ಷರ ಮಾತ್ರ.

ಎ, ಡಿ, ಇ, ಐ, ಎನ್, ಆರ್, ಟಿ ಬಂತು ಅಂದ್ಕೊಳ್ಳಿ. ಇ-ಡಿ ಬಲಕ್ಕೆ ತಳ್ಳಿ. ಎಡಗಡೆ ಉಳಿದದ್ದು ಎ, ಐ, ಎನ್, ಆರ್, ಟಿ. ರೈಲು ಕಾಣಿಸಿತಾ? ಟ್ರೇನ್ಡ್. ಏಳೂ ಟೈಲ್ ಖಾಲಿ, 50 ಅಂಕ ಬೋನಸ್. ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲವಾ? ಅದೇ ಎರಡು ಅಕ್ಷರವನ್ನು ತಿರುಗಿಸಿ ಎಡಕ್ಕೆ ಹಾಕಿ, ಡಿ-ಇ. ಡಿಟ್ರೇನ್, ಅಂದರೆ ರೈಲಿನಿಂದ ಇಳಿ. ಅದೂ ಪಟ್ಟಿಯಲ್ಲಿದೆ.

ಇನ್ನೊಂದು ರ‍್ಯಾಕ್: ಎ, ಜಿ, ಐ, ಎನ್, ಆರ್, ಎಸ್, ಟಿ. ಐ-ಎನ್-ಜಿ ಬಲಕ್ಕೆ ಇಟ್ಟರೆ ಎಸ್-ಟಿ-ಎ-ಆರ್ ಉಳಿಯುತ್ತದೆ, ಸ್ಟೇರಿಂಗ್. ಎಸ್ ಒಂದನ್ನೇ ಕೊನೆಗೆ ಕಳಿಸಿದರೆ ರೇಟಿಂಗ್ಸ್. ಎರಡೂ ಸಿಗುವುದು ಒಂದೇ ನಿಮಿಷದಲ್ಲಿ.

ತಲೆಯ ಕಡೆ ಆರ್-ಇ, ಯು-ಎನ್, ಡಿ-ಐ-ಎಸ್, ಎಂ-ಐ-ಎಸ್ ನೋಡಿ. ಓ-ಯು-ಟಿ ಅಂತೂ ದೊಡ್ಡ ನೆಂಟ. ಓಡುವುದರಲ್ಲಿ ಮೀರಿಸಿದರೆ ಔಟ್‌ರನ್, ತಿನ್ನುವುದರಲ್ಲಿ ಮೀರಿಸಿದರೆ ಔಟ್‌ಈಟ್. ಇಂಥವು ಎಷ್ಟೋ ಇವೆ.

ಹೀಗೆ ಮಾಡಿಯೂ ಸಿಗದಿದ್ದರೆ ಟೈಲ್‌ಗಳನ್ನು ಎ-ಬಿ-ಸಿ-ಡಿ ಕ್ರಮದಲ್ಲಿ ಜೋಡಿಸಿ. ಪಳಗಿದವರು ಇದಕ್ಕೆ ಆಲ್ಫಾಗ್ರಾಮ್ ಎನ್ನುತ್ತಾರೆ. ಕಣ್ಣು ಒಂದು ಸುಳ್ಳು ಪದಕ್ಕೆ ಅಂಟಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಲಾಭ ಎಂದರೆ ಒಂದು ಗುಂಪು ನೆನಪಿದ್ದರೆ ಅದರೊಳಗಿನ ಎಲ್ಲ ಪದ ಒಟ್ಟಿಗೆ ಬರುತ್ತವೆ. ಎ-ಇ-ಐ-ಎನ್-ಆರ್-ಎಸ್-ಟಿ ಗುಂಪು ನೋಡಿ: ರೀಟೇನ್ಸ್, ನ್ಯಾಸ್ಟಿಯರ್, ಸ್ಟೇನರ್, ರೆಟಿನಾಸ್, ಆಂಟ್ಸಿಯರ್. ಒಂದಕ್ಕೆ ಜಾಗ ಸಿಗದಿದ್ದರೆ ಇನ್ನೊಂದಕ್ಕೆ ಸಿಗುತ್ತದೆ. ಈ ಏಳೂ ಒಂದೊಂದು ಅಂಕದ ಅಕ್ಷರಗಳು. ಆದರೂ ಇವನ್ನು ಜೊತೆಯಲ್ಲಿ ಕಾಪಾಡಿಕೊಳ್ಳುವವರೇ 50ರ ಬೋನಸ್ ಜಾಸ್ತಿ ಹೊಡೆಯುತ್ತಾರೆ.

ಎಸ್ ಅನ್ನು ಮಾತ್ರ ಸುಮ್ನೆ ಖರ್ಚು ಮಾಡಬೇಡಿ. ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ನ್ಯೂಯಾರ್ಕಿನ ಆರ್ಕಿಟೆಕ್ಟ್. 1930ರ ದಶಕದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಟೈಲ್ ಹಂಚಿದವರು. ನೂರು ಟೈಲ್‌ನಲ್ಲಿ ಇ 12, ಎ ಮತ್ತು ಐ 9 ಇವೆ. ಎಸ್ ಇರುವುದು 4 ಮಾತ್ರ. ಎಲ್ಲಕ್ಕೂ ಎಸ್ ಅಂಟಿಸಿ ಬಹುವಚನ ಮಾಡಿಬಿಟ್ಟರೆ ಆಟ ಸಪ್ಪೆ ಆಗುತ್ತದಲ್ವಾ?

ಕ್ಯೂ, ಝಡ್, ಜೆ, ಎಕ್ಸ್ ಎಂಬ ನಾಲ್ವರು

ಕ್ಯೂ ಮತ್ತು ಝಡ್‌ಗೆ 10 ಅಂಕ, ಜೆ ಮತ್ತು ಎಕ್ಸ್‌ಗೆ 8. ಒಂದೊಂದೇ ಟೈಲ್. ಇವನ್ನು ಇಟ್ಟುಕೊಂಡು ದೊಡ್ಡ ಪದಕ್ಕೆ ಕಾಯುವವರು ಸೋಲುತ್ತಾರೆ. ಎರಡಕ್ಷರದ ಪದ ಕಲಿತುಬಿಡಿ, ಕಾಯುವ ಕೆಲಸವೇ ಇಲ್ಲ.

ನಮ್ಮ ಟೂರ್ನಮೆಂಟ್‌ಗಳಲ್ಲಿ ಬಳಸುವ ಕಾಲಿನ್ಸ್ ಪದಪಟ್ಟಿಯಲ್ಲಿ ಸುಮಾರು 2,80,000 ಪದಗಳಿವೆ. ಅದನ್ನು ನೋಡಿ ಹೆದರಬೇಡಿ. ಎರಡಕ್ಷರದವು, 2019ರಲ್ಲಿ ಓ-ಕೆ, ಇ-ಡಬ್ಲ್ಯೂ, ಝಡ್-ಇ ಸೇರಿದ ಮೇಲೆ, 127. ಇವು ಬಾಯಿಪಾಠ ಆದರೆ ಅರ್ಧ ಆಟ ಬಂದಂತೆ. ಕ್ಯೂಗೆ ಇರುವುದು ಒಂದೇ, ಕ್ಯೂ-ಐ, ಚೀನೀಯರ ಪ್ರಾಣಶಕ್ತಿ. ಝಡ್‌ಗೆ ಝಡ್-ಎ, ಅಂದರೆ ಪಿಜ್ಜಾ ಎಂಬುದರ ಚಿಕ್ಕ ರೂಪ, ಮತ್ತೆ ಝಡ್-ಓ, ಯಾಕ್ ಮತ್ತು ಹಸುವಿನ ಮಿಶ್ರತಳಿ. ಜೆಗೆ ಜೆ-ಓ. ಎಕ್ಸ್ ಉದಾರಿ: ಎ-ಎಕ್ಸ್, ಇ-ಎಕ್ಸ್, ಓ-ಎಕ್ಸ್, ಎಕ್ಸ್-ಐ, ಎಕ್ಸ್-ಯು. ವಿ ಇರುವ ಎರಡಕ್ಷರದ ಪದ ಒಂದೂ ಇಲ್ಲ. ಅದನ್ನು ಹುಡುಕುತ್ತಾ ಟೈಮ್ ಹಾಳು ಮಾಡಬೇಡಿ.

ಎಕ್ಸ್‌ನ ಲೆಕ್ಕ ಒಂದು ಸಲ ಮಾಡಿ ನೋಡಿ. ಬೋರ್ಡಿನಲ್ಲಿ ಅಕ್ಷರದ ಅಂಕವನ್ನು ಮೂರು ಪಟ್ಟು ಮಾಡುವ ಒಂದು ಮನೆ ಇದೆ. ಅದರ ಎಡಕ್ಕೆ ಎ ಇದೆ, ಮೇಲೆ ಓ ಇದೆ. ಅಲ್ಲಿ ಎಕ್ಸ್ ಒಂದನ್ನೇ ಇಟ್ಟರೆ ಅಡ್ಡಕ್ಕೆ ಎ-ಎಕ್ಸ್, ಉದ್ದಕ್ಕೆ ಓ-ಎಕ್ಸ್. ಒಂದೊಂದು ಕಡೆ 24ಕ್ಕೆ 1 ಸೇರಿ 25. ಒಂದೇ ಟೈಲ್‌ಗೆ 50 ಅಂಕ. ಏಳಕ್ಷರದ ಬೋನಸ್ಸಿಗೆ ಸಮ.

ಇನ್ನು ಕ್ಯೂ ಆದಮೇಲೆ ಯು ಬರದ ಪದಗಳು. ಇದು ಎಲ್ಲರಿಗೂ ತಲೆನೋವು, ನಮಗೆ ಮಾತ್ರ ಅಲ್ಲ. ಅರಬ್ಬಿ, ಉರ್ದು ಕಡೆಯ ಪದಗಳೇ ಇಲ್ಲಿ ಆಸರೆ, ಅವು ದಿನಾ ಪೇಪರಿನಲ್ಲಿ ನಮ್ಮ ಕಣ್ಣಿಗೆ ಬೀಳುವಂಥವೇ. ಒಂದಿನ ನಾನು ಕ್ಯೂ ಹಿಡಿದುಕೊಂಡು ಕೂತಿದ್ದೆ. ಟೈಲರ್ ಸಾಹೇಬರು ನಕ್ಕರು. "ಅಣ್ಣಾ, ಕ್ಯೂ ಬಂದ್ರೆ ಯಾಕೆ ಮುಖ ಸಣ್ಣ ಮಾಡ್ತೀರಾ? ನಮ್ಮನೆ ಅಡುಗೆ ನೆನೆಸ್ಕೊಳ್ಳಿ." ಕ್ಯೂ-ಓ-ಆರ್-ಎಂ-ಎ, ಕೂರ್ಮಾ. ಅದೇ ಸಾಲಿನಲ್ಲಿ ಖಾಜಿ ಕ್ಯೂ-ಎ-ಡಿ-ಐ, ಫಕೀರ ಎಫ್-ಎ-ಕ್ಯೂ-ಐ-ಆರ್, ಬುರ್ಖಾ ಬಿ-ಯು-ಆರ್-ಕ್ಯೂ-ಎ, ನಿಖಾಬ್ ಎನ್-ಐ-ಕ್ಯೂ-ಎ-ಬಿ, ತಲಾಖ್ ಟಿ-ಎ-ಎಲ್-ಎ-ಕ್ಯೂ, ವಕ್ಫ್ ಡಬ್ಲ್ಯೂ-ಎ-ಕ್ಯೂ-ಎಫ್. ಖವ್ವಾಲಿ ಬರೆಯಲು ಎರಡು ಡಬ್ಲ್ಯೂ ಬೇಕು, ಬ್ಯಾಗಿನಲ್ಲಿ ಇರುವುದೂ ಎರಡೇ. ಕ್ಯೂ-ಎ-ಎನ್-ಎ-ಟಿ ಎಂದರೆ ನೆಲದಡಿಯ ನೀರಿನ ಸುರಂಗ. ಬೀದರಿನ ನೌಬಾದ್ ಹತ್ತಿರದ ಸುರಂಗ ಬಾವಿ ನೋಡಿದವರು ಇದನ್ನು ಮರೆಯುವುದಿಲ್ಲ. ಕ್ಯೂ-ಎ-ಟಿ, ಎಸ್-ಯು-ಕ್ಯೂ ಎರಡೂ ಚಿಕ್ಕವು, ಇವನ್ನಂತೂ ಬರೆದಿಟ್ಟುಕೊಳ್ಳಿ.

ಊರ ಕಡೆಯ ಪದಗಳ ವಿಷಯ ಬಂತಲ್ಲ, ತಂಗಿಯ ಮಗಳು ಒಮ್ಮೆ ಫೋನಿನಲ್ಲಿ ಹೇಳಿದ್ದು: "ಮಾವ, ರಾಗಿ ನಡೆಯುತ್ತೆ, ಮುದ್ದೆ ನಡೆಯಲ್ಲ." ನಿಜ. ಆರ್-ಎ-ಜಿ-ಐ ಪಟ್ಟಿಯಲ್ಲಿದೆ, ಆದರೆ ಬರೀ 5 ಅಂಕ. ಜೋಳಕ್ಕೆ ಜೆ-ಓ-ಡಬ್ಲ್ಯೂ-ಎ-ಆರ್ ಎಂದರೆ 15. ರೊಟ್ಟಿ ತಿನ್ನುವವರು ಇಲ್ಲಿ ನಮ್ಮನ್ನು ಹೊಡೆದುಬಿಟ್ಟರು. ತಾಲ್ಲೂಕು, ಲಕ್ಷ, ಕೋಟಿ, ಪೈಸೆ, ಆಣೆ, ತುಪ್ಪ, ಘಾಟಿ, ಘೇರಾವ್, ಬಂದ್ ಎಲ್ಲಕ್ಕೂ ಇಂಗ್ಲಿಷ್ ರೂಪ ಇದೆ. ಜಿ-ಎಚ್ ಮತ್ತು ಡಿ-ಎಚ್ ಜೋಡಿ ಕೈಯಲ್ಲಿದ್ದರೆ ಮೊದಲು ಇಲ್ಲೇ ಹುಡುಕಿ. ಎಸ್-ಎ-ಎಂ-ಬಿ-ಎ-ಆರ್ ಎಂದರೆ ಹುಳಿ ಅಲ್ಲ, ಕಡವೆ. ಜಿ-ಎ-ಯು-ಆರ್ ಕಾಟಿ, ಡಿ-ಎಚ್-ಓ-ಎಲ್-ಇ ಸೀಳುನಾಯಿ. ಬಂಡೀಪುರವೇ ಬೋರ್ಡಿನ ಮೇಲೆ ಬರುತ್ತದೆ. ಸ್ವರ ಜಾಸ್ತಿಯಾದಾಗ ಸೀರೆಯನ್ನು ಎರಡು ಇ ಹಾಕಿ ಬರೆಯಿರಿ, ಕಡಿಮೆ ಇದ್ದರೆ ಎಸ್-ಎ-ಆರ್-ಐ. ವೀಣೆಯೂ ಹಾಗೇ, ರಾಣಿಯೂ ಹಾಗೇ, ಎರಡೆರಡು ಕಾಗುಣಿತ. ಊರಿನ ಹೆಸರು ನಡೆಯುವುದಿಲ್ಲ. ಮೈಸೂರಿಗೆ ಜಾಗ ಇಲ್ಲ, ಮದ್ರಾಸಿಗೆ ಇದೆ, ಅದೂ ಒಂದು ಬಗೆಯ ಬಟ್ಟೆ ಎಂಬ ಕಾರಣಕ್ಕೆ. ಇದು ನನಗೆ ಇನ್ನೂ ಅನ್ಯಾಯ ಅನ್ನಿಸುತ್ತದೆ.

ಬರೀ ವ್ಯಂಜನ ಬಂದರೆ? ಎಚ್-ಎಂ, ಎಸ್-ಎಚ್, ಬಿ-ಆರ್-ಆರ್, ಪಿ-ಎಸ್-ಟಿ, ಟಿ-ಎಸ್-ಕೆ, ಎನ್-ಟಿ-ಎಚ್, ಸಿ-ಡಬ್ಲ್ಯೂ-ಎಂ. ಬರೀ ಸ್ವರ ಬಂದರೆ ಎ-ಎ, ಎ-ಇ, ಎ-ಐ, ಓ-ಇ, ಇ-ಎ-ಯು. ಜಾಗ ಇದ್ದರೆ ಆಡಿಯೋ, ಅಡಿಯೂ. ಇಷ್ಟು ಸಾಕು.

ಫೋನಿನಲ್ಲಿ ಹುಡುಕುವುದು

ಪದ ಹುಡುಕಿಕೊಡುವ ಸೈಟುಗಳು ಬೇಕಾದಷ್ಟಿವೆ. ಆದರೆ ಏನು ಕೇಳಬೇಕು ಎಂದು ಗೊತ್ತಿಲ್ಲದೆ ಒಳಗೆ ಹೋದರೆ ಸಾವಿರ ಪದ ಸುರಿದು ಕೈ ತೊಳೆದುಕೊಳ್ಳುತ್ತವೆ. ಕೇಳುವ ಪ್ರಶ್ನೆ ಮೂರು ಬಗೆ. ಈ ಅಕ್ಷರಗಳಿಂದ ಏನೇನು ಆಗುತ್ತದೆ ಎಂಬುದು ಒಂದು. ಅಕ್ಷರ ಯಾವ ಮನೆಯಲ್ಲಿದೆ ಎಂದು ಗೊತ್ತು, ಉಳಿದ ಮನೆ ತುಂಬಬೇಕು ಎಂಬುದು ಇನ್ನೊಂದು. ಅಕ್ಷರ ಪದದಲ್ಲಿ ಇದೆ, ಎಲ್ಲಿದೆ ಗೊತ್ತಿಲ್ಲ ಎಂಬುದು ಮೂರನೆಯದು.

ಮೊದಲನೆಯದಕ್ಕೆ ಮೆರಿಯಂ-ವೆಬ್‌ಸ್ಟರ್‌ನ ಸ್ಕ್ರಾಬಲ್ ವರ್ಡ್ ಫೈಂಡರ್ ಥರದ್ದು ಸರಿ. ಅದರಲ್ಲಿ ಅಕ್ಷರ ಹಾಕಿದರೆ ಪದಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ ಕೊಡುತ್ತದೆ. ಆದರೆ ಅದು ಅಮೆರಿಕದವರ ಪಟ್ಟಿ. ನಮ್ಮ ಟೂರ್ನಮೆಂಟ್‌ಗಳಲ್ಲಿ ನಡೆಯುವುದು ಕಾಲಿನ್ಸ್. ಅಲ್ಲಿ ಇಲ್ಲದ ಪದ ಇಲ್ಲಿ ಇರಬಹುದು. ಯಾವ ಪಟ್ಟಿ ಎಂದು ಆಟಕ್ಕೆ ಮುಂಚೆಯೇ ಮಾತಾಡಿಕೊಳ್ಳಿ, ಆಮೇಲೆ ಜಗಳ ಬೇಡ. ಗಂಭೀರವಾಗಿ ಕಲಿಯುವವರು ಕಂಪ್ಯೂಟರಿನಲ್ಲಿ ಝಿಝಿವಾ ಎಂಬ ಪ್ರೋಗ್ರಾಂ ಹಾಕಿಕೊಳ್ಳುತ್ತಾರೆ. ಅದು ಪರೀಕ್ಷೆಯನ್ನೂ ಕೊಡುತ್ತದೆ.

ಎರಡನೆಯ ಬಗೆಗೆ ಒನ್‌ಲುಕ್ ನನ್ನ ಆಯ್ಕೆ. ಗೊತ್ತಿಲ್ಲದ ಪ್ರತಿ ಮನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಎಷ್ಟು ಅಕ್ಷರ ಎಂದೇ ಗೊತ್ತಿಲ್ಲದ ಕಡೆ ನಕ್ಷತ್ರ ಚಿಹ್ನೆ ಹಾಕಿ. ಪೇಪರಿನ ಇಂಗ್ಲಿಷ್ ಕ್ರಾಸ್‌ವರ್ಡ್ ಬಿಡಿಸುವವರಿಗೆ ಇದೊಂದೇ ಸಾಕು.

ನೆಟ್ ಬೇಡ ಅನ್ನುವವರಿಗೆ ಎನೇಬಲ್ ಎಂಬ ಉಚಿತ ಪದಪಟ್ಟಿ ಇದೆ, ಸುಮಾರು 1,73,000 ಪದ. ಅದನ್ನು ಎಕ್ಸೆಲ್‌ನ ಒಂದು ಕಾಲಂಗೆ ಹಾಕಿ ಫಿಲ್ಟರ್ ಹಚ್ಚಿದರೆ ಅದೇ ಪ್ರಶ್ನಾರ್ಥಕ, ನಕ್ಷತ್ರ ಚಿಹ್ನೆಗಳು ಅಲ್ಲೂ ಕೆಲಸ ಮಾಡುತ್ತವೆ. ಬಿಲ್ ಬರೆಯಲು ಎಕ್ಸೆಲ್ ಕಲಿತವರಿಗೆ ಇದು ಕಷ್ಟವೇನಲ್ಲ.

ಮೂರನೆಯ ಬಗೆಯ ಪ್ರಶ್ನೆ ಬರುವುದು ವರ್ಡಲ್‌ನಲ್ಲಿ. ಜೋಶ್ ವಾರ್ಡಲ್ 2021ರಲ್ಲಿ ಜನರ ಮುಂದೆ ಇಟ್ಟ ಆಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಗುಟ್ಟಿನ ಐದಕ್ಷರದ ಪದವನ್ನು ಆರು ಊಹೆಯೊಳಗೆ ಹಿಡಿಯಬೇಕು. ಹಸಿರು ಎಂದರೆ ಅಕ್ಷರ ಸರಿಯಾದ ಮನೆಯಲ್ಲಿದೆ, ಹಳದಿ ಎಂದರೆ ಪದದಲ್ಲಿದೆ ಆದರೆ ಬೇರೆ ಮನೆಯಲ್ಲಿ, ಬೂದು ಎಂದರೆ ಪದದಲ್ಲಿ ಇಲ್ಲ. ಇಲ್ಲಿ ಸೈಟಿಗಿಂತ ಚೀಟಿ ಮೇಲು. ನೀವು ಸ್ಲೇಟ್ ಎಂದು ಹಾಕಿದಿರಿ. ಕೊನೆಯ ಇ ಹಸಿರಾಯಿತು, ಎ ಹಳದಿ ಆಯಿತು, ಉಳಿದವು ಬೂದು. ಐದು ಗೀಟು ಎಳೆದು ಕೊನೆಯದರ ಮೇಲೆ ಇ ಬರೆಯಿರಿ. ಎ ಮೂರನೇ ಮನೆಯಲ್ಲಿಲ್ಲ, ಐದನೆಯದು ಭರ್ತಿ. ನಾಲ್ಕನೇ ಮನೆಯಲ್ಲಿದ್ದರೆ ಪದ ಎ-ಇ ಎಂದು ಮುಗಿಯಬೇಕು, ಅಂಥವು ಬಲು ಕಡಿಮೆ. ಉಳಿದದ್ದು ಒಂದನೆಯ ಮತ್ತು ಎರಡನೆಯ ಮನೆ. ಒಂದನೆಯದಾದರೆ ಅಗ್ರೀ, ಆರ್ಗ್ಯೂ, ಅಬೋಡ್. ಎರಡನೆಯದಾದರೆ ರೇಂಜ್, ಡಾನ್ಸ್, ಬ್ಯಾಡ್ಜ್, ಮೇಬಿ. ಎರಡನೆಯ ಗುಂಪೇ ದೊಡ್ಡದು. ಅದಕ್ಕೆ ರೇಂಜ್ ಹಾಕಿ, ಆರ್, ಎನ್, ಜಿ ಮೂರೂ ಒಂದೇ ಏಟಿಗೆ ಗೊತ್ತಾಗುತ್ತವೆ.

ಜನ ಸಾಲಾಗಿ ಬೀಳುವ ಗುಂಡಿ ಇನ್ನೊಂದಿದೆ. ಕೊನೆಯ ನಾಲ್ಕೂ ಹಸಿರು, ಐ-ಜಿ-ಎಚ್-ಟಿ. ಮುಂದೆ ಏನು? ಎಯ್ಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್. ಎಂಟು ಪದ, ಉಳಿದಿರುವ ಊಹೆ ನಾಲ್ಕು ಅಂತಿರಲಿ. ಒಂದೊಂದೇ ಹಾಕುತ್ತಾ ಹೋದರೆ ಅದೃಷ್ಟದ ಆಟ. ಅದರ ಬದಲು ಗೆಲ್ಲದ ಪದವನ್ನೇ ಬೇಕೆಂದು ಹಾಕಿ, ಫಿಲ್ಮ್ಸ್. ಎಫ್, ಎಲ್, ಎಂ, ಎಸ್ ನಾಲ್ಕರಲ್ಲಿ ಒಂದು ಬಣ್ಣ ತೋರಿಸಿದರೆ ಪದ ಸಿಕ್ಕಿತು. ತೋರಿಸಲಿಲ್ಲವಾ? ಮುಂದೆ ಎಂಟರ್ ಹಾಕಿ. ಇ, ಎನ್, ಆರ್ ಮೂರೂ ಪರೀಕ್ಷೆ ಆಗುತ್ತವೆ. ಮೂರೂ ಇಲ್ಲ ಅಂದರೆ ಟೈಟ್. ಒಟ್ಟು ಮೂರು ಊಹೆಯಲ್ಲಿ ಗ್ಯಾರಂಟಿ. ಹಾರ್ಡ್ ಮೋಡ್, ಅಂದರೆ ಸಿಕ್ಕ ಸುಳಿವನ್ನು ಮುಂದಿನ ಊಹೆಯಲ್ಲೂ ಬಳಸಲೇಬೇಕಾದ ಬಗೆ, ಹಾಕಿಕೊಂಡವರಿಗೆ ಈ ದಾರಿ ಮುಚ್ಚಿದೆ. ನಾನು ಅದಕ್ಕೇ ಹಾಕಿಕೊಂಡಿಲ್ಲ.

ವರ್ಡಲ್‌ನ ಉತ್ತರಗಳು ಮಾಮೂಲಿ ಪದಗಳೇ. ಮೂಲ ಪಟ್ಟಿಯಲ್ಲಿ ಉತ್ತರಕ್ಕೆಂದು ಇಟ್ಟಿದ್ದು 2,315 ಪದ ಮಾತ್ರ. ಕ್ಯೂ-ಓ-ಆರ್-ಎಂ-ಎ ಥರದ್ದನ್ನು ಇಲ್ಲಿ ಉತ್ತರ ಎಂದು ಕಾಯಬೇಡಿ. ಸುಮ್ನೆ ಎಸ್ ಸೇರಿಸಿದ ಬಹುವಚನಗಳೂ ಉತ್ತರವಾಗಿ ಬರುವುದು ಅಪರೂಪ.

ಸ್ಪೆಲ್ಲಿಂಗ್ ಬೀ ಎಂಬ ಇನ್ನೊಂದು ಆಟದಲ್ಲಿ ಕೊಟ್ಟ ಏಳು ಅಕ್ಷರಗಳಿಂದ ಪದ ಕಟ್ಟಬೇಕು. ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ನಡುವಿನ ಅಕ್ಷರ ಮಾತ್ರ ಇರಲೇಬೇಕು. ಪದ ಕನಿಷ್ಠ ನಾಲ್ಕಕ್ಷರದ್ದಿರಬೇಕು. ಬಾಲ ಹುಡುಕುವ ಉಪಾಯ ಅಲ್ಲೂ ನಡೆಯುತ್ತದೆ. ಜೊತೆಗೆ ಅವಳಿ ಅಕ್ಷರಗಳನ್ನು ಹಾಕಿ ನೋಡಿ, ಎಲ್-ಎಲ್, ಟಿ-ಟಿ, ಓ-ಓ. ನಾವು ಮರೆಯುವುದು ಅವನ್ನೇ.

ಯಾವಾಗ ಹುಡುಕಬೇಕು

ಆಟ ನಡೆಯುವಾಗ ಸೈಟ್ ತೆರೆದರೆ ಅದು ಕಳ್ಳಾಟ. ಆಟ ಮುಗಿದ ಮೇಲೆ ಮಾತ್ರ ತೆರೆಯಿರಿ. ನಾನು ಆಟ ಆಡುವಾಗ ಕೈಕೊಟ್ಟ ರ‍್ಯಾಕ್‌ಗಳನ್ನು ಚೀಟಿಯಲ್ಲಿ ಗುರುತು ಹಾಕಿ, ರಾತ್ರಿ ಅಂಗಡಿ ಶಟರ್ ಎಳೆದ ಮೇಲೆ ಒಂದೊಂದನ್ನೇ ಹಾಕಿ ನೋಡುತ್ತೇನೆ. ಸಿಕ್ಕ ಪದದಲ್ಲಿ ಬೇಕಾದ್ದು ಒಂದೆರಡು ಮಾತ್ರ ಬರೆದುಕೊಳ್ಳುತ್ತೇನೆ. ಇಡೀ ಪಟ್ಟಿ ಬರೆದುಕೊಂಡವರು ಯಾರೂ ಅದನ್ನು ಓದುವುದಿಲ್ಲ.

ಎದುರಾಳಿ ಇಟ್ಟ ಪದದ ಮೇಲೆ ಅನುಮಾನ ಬಂದರೆ ಚಾಲೆಂಜ್ ಮಾಡಿ, ಆಗ ಡಿಕ್ಷನರಿ ನೋಡುವುದು ನ್ಯಾಯವೇ. ಅರ್ಥ ಏನು ಎಂದು ಕೇಳುವ ಹಕ್ಕು ಮಾತ್ರ ಇಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ರ‍್ಯಾಕ್‌ಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ವಿ ಎರಡು, ಯು ಎರಡು, ಐ ಎರಡು, ಓ ಒಂದು ಬಂದರೆ ಯಾರ ಕೈಲೂ ಹೆಚ್ಚೇನೂ ಆಗುವುದಿಲ್ಲ. ಬ್ಯಾಗಿನಲ್ಲಿ ಇನ್ನೂ 7 ಟೈಲ್ ಇದ್ದರೆ ಒಂದು ಸರದಿ ಬಿಟ್ಟು ಬದಲಾಯಿಸಿಕೊಳ್ಳಬಹುದು. ಅಂಕ ಸೊನ್ನೆ. ಹಾಗೆ ಬದಲಾಯಿಸುವಾಗ ಐ ಒಂದನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಹಾಕಿಬಿಡಿ. ಕ್ಯೂ ಇನ್ನೂ ಹೊರಗೆ ಬಂದಿಲ್ಲದಿದ್ದರೆ ಆ ಐ ಕೆಲಸಕ್ಕೆ ಬರಬಹುದು.